ಇನ್ನೂ ಬಾರದ ತಿಂಗಳಿಗೆ ಹಾಕಿದ ಸಹಿ

ನಮ್ಮೂರ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಮಧ್ಯಾಹ್ನದ ಊಟ ಬಡಿಸುವವಳು ನಾನು, ಲವಾನ್. ಯಾವ ಮಗುವಿಗೆ ಬಟಾಣಿ ಕಂಡರಾಗದು, ಯಾವ ಮಗು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದಿದೆ ಎಂದು ಮುಖ ನೋಡಿಯೇ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಆದರೆ ನನ್ನ ಸ್ವಂತ ಮೊಮ್ಮಗಳು ಬ್ರಿಟಾ ತಟ್ಟೆ ಹಿಡಿದು ಎದುರಿಗೆ ಬಂದರೆ ಬರೀ ಬೆರಳು ತೋರಿಸುತ್ತಾಳೆ. ಹಾಲು ಬೇಕಾದರೂ ಬೆರಳು, ಬ್ರೆಡ್ಡು ಬೇಕಾದರೂ ಬೆರಳು. ಏಳು ವರ್ಷ ತುಂಬಿದೆ. ಕಿವಿ ಚೆನ್ನಾಗಿ ಕೇಳುತ್ತದೆ, ಬುದ್ಧಿಯೂ ಚುರುಕು. ಮಾತು ಮಾತ್ರ ಬಾಯೊಳಗೇ ಮುದ್ದೆಯಾಗಿ ಬರುತ್ತದೆ, ಅವಳ ಅಮ್ಮನಿಗೆ ಬಿಟ್ಟು ಯಾರಿಗೂ ತಿಳಿಯುವುದಿಲ್ಲ. ಒಂದನೇ ತರಗತಿಯಲ್ಲಿ ಮಕ್ಕಳು ಒಮ್ಮೆ ನಕ್ಕರು ನೋಡಿ, ಅಂದಿನಿಂದ ಶಾಲೆಯಲ್ಲಿ ಬಾಯಿ ಬಿಡುವುದನ್ನೇ ಬಿಟ್ಟಳು.

ಇಂಥ ಮಕ್ಕಳಿಗೆಂದೇ ಮಾತು ಕಲಿಸುವ ಟೀಚರು ಇದ್ದಾರೆ. ನಾರ್ತ್ ಡಕೋಟಾದ ನಮ್ಮ ಕಡೆ ಊರುಗಳು ಸಣ್ಣವು, ಶಾಲೆಗೊಬ್ಬ ಟೀಚರನ್ನು ಇಟ್ಟುಕೊಳ್ಳುವ ಶಕ್ತಿ ಯಾವ ಊರಿಗೂ ಇಲ್ಲ. ಅದಕ್ಕೆ ಹನ್ನೊಂದು ಶಾಲೆ ಸೇರಿ ವಾಲ್‌ಬರ್ಗ್ ಪಟ್ಟಣದಲ್ಲಿ ಒಂದು ಪ್ರಾದೇಶಿಕ ಶಿಕ್ಷಣ ಕಚೇರಿ ಮಾಡಿಕೊಂಡಿದ್ದೇವೆ. ವಾಷಿಂಗ್ಟನ್‌ನ ಕೇಂದ್ರ ಸರ್ಕಾರದ ಅನುದಾನ ಅಲ್ಲಿಗೆ ಬರುತ್ತದೆ, ಅಲ್ಲಿಂದ ಟೀಚರು ಕಾರು ಹತ್ತಿ ಊರೂರಿಗೆ ಬರುತ್ತಾರೆ. ಬ್ರಿಟಾಗೆ ವಾರಕ್ಕೆರಡು ಸಲ ಅರ್ಧ ಅರ್ಧ ಗಂಟೆ ಪಾಠ ಕೊಡುತ್ತೇವೆ ಎಂದು ಕಾಗದದಲ್ಲೇ ಬರೆದುಕೊಟ್ಟಿದ್ದರು. ಸೆಪ್ಟೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ಟೀಚರು ಬಂದದ್ದು ಏಳು ಸಲ. ನನ್ನ ಮಗಳು ಫೋನು ಮಾಡಿ ಕೇಳಿದರೆ "ಅನುದಾನ ಸಾಲ್ತಾ ಇಲ್ಲ" ಎಂದರಂತೆ. ಪಾಪ, ಅವಳು ನಂಬಿದಳು. ನಾನೂ ನಂಬಿದೆ.

ಆ ಟೀಚರು ಬೇರೆ ಯಾರೂ ಅಲ್ಲ, ನಮ್ಮ ಆರ್ಲಿಸ್. ಪ್ರತಿ ಗುರುವಾರ ಸಂಜೆ ನಾಲ್ಕಕ್ಕೆ ಚರ್ಚಿನ ನೆಲಮಾಳಿಗೆಯಲ್ಲಿ ನಾವು ಹೆಂಗಸರು ಸೇರಿ ಕೌದಿ ಹೊಲಿಯುತ್ತೇವೆ. ಮಾರ್ಚ್ ಮೊದಲ ಗುರುವಾರ ಅವಳು ನನ್ನ ಪಕ್ಕದಲ್ಲೇ ಕೂತಳು. ನನಗೆ ತಡೆಯಲಾಗಲಿಲ್ಲ.

"ಏನೇ ಆರ್ಲಿಸ್, ನಮ್ ಹುಡುಗೀನ ಮರೆತೇಬಿಟ್ಯಾ?"

"ಮರೆಯೋದಾ? ಸುಮ್ನಿರು ಲವಾನ್, ಹೊಟ್ಟೆ ಉರಿಸ್ಬೇಡ. ಸೆಪ್ಟೆಂಬರಲ್ಲಿ ಆಫೀಸಲ್ಲಿ ಫೋನ್ ನೋಡ್ಕೊಳ್ತಿದ್ದ ಹುಡುಗಿ ಕೆಲ್ಸ ಬಿಟ್ಲು. ಇನ್ನೊಬ್ರು ಸಿಗೋವರ್ಗೂ ನೀನು ಕೂತ್ಕೋ ಅಂದ್ರು ಕರ್ಟ್. ಈಗ ವಾರಕ್ಕೆ ಮೂರು ದಿನ ಅಲ್ಲೇ ಇರ್ತೀನಿ. ಫೋನು, ಟಪಾಲು, ಮೀಟಿಂಗಿಗೆ ಕಾಫಿ."

ಕರ್ಟ್ ಎಂದರೆ ಆ ಕಚೇರಿಯ ನಿರ್ದೇಶಕ, ಕರ್ಟ್ ಸ್ಯಾಂಡ್ವಿಕ್.

"ಆರು ತಿಂಗಳಾಯ್ತಲ್ಲೇ! ಇನ್ನೂ ಯಾರೂ ಸಿಕ್ಕಿಲ್ವಾ?"

"ಸಿಕ್ಕಿಲ್ಲ."

ಹೇಗೆ ಸಿಗುತ್ತಾರೆ? ಹುಡುಕಿದರೆ ತಾನೇ!

ಎದುರಿಗೆ ಡೊರೀನ್ ಕುಲ್ಸೆತ್ ಕೂತಿದ್ದಳು. ಪಕ್ಕದ ಜಿಲ್ಲೆಯ ಇಂಥದ್ದೇ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಬರೆದು ನಿವೃತ್ತಳಾದವಳು. ಮಾತು ಖಾರ, ಮನಸ್ಸು ಒಳ್ಳೆಯದು. ಅವಳ ಸೂಜಿ ನಿಂತಿತು.

"ಆರ್ಲಿಸ್, ಫೋನ್ ಎತ್ತೋ ದಿನದ ಸಂಬಳ ನಿಂಗೆ ಯಾವ ದುಡ್ಡಿಂದ ಬರತ್ತೆ?"

"ಅದೇ ದುಡ್ಡು. ನನ್ ಸಂಬಳ ಪೂರ್ತಿ ಆ ಮಕ್ಕಳ ಅನುದಾನದ್ದೇ."

"ಮತ್ತೆ ತಿಂಗಳ ಹಾಳೆ? ಅನುದಾನದಲ್ಲಿ ಸಂಬಳ ತಗೊಳ್ಳೋರು ಎಷ್ಟು ಗಂಟೆ ಯಾವ ಕೆಲ್ಸ ಮಾಡಿದ್ವಿ ಅಂತ ಹಾಳೇಲಿ ತೋರಿಸಿ, ತಿಂಗಳು ಮುಗಿದ್ಮೇಲೆ ಸಹಿ ಹಾಕ್ಬೇಕಲ್ಲ. ಅದರಲ್ಲಿ ಫೋನ್ ಅಂತ ಬರೀತೀಯಾ?"

ಆರ್ಲಿಸ್ ಪಿಳಿಪಿಳಿ ನೋಡಿದಳು. "ಅದಕ್ಕೆ ಆಗಸ್ಟಲ್ಲೇ ಸಹಿ ಹಾಕಿಬಿಡ್ತೀವಲ್ಲ."

"ಯಾವ್ದಕ್ಕೆ?"

"ಹನ್ನೆರಡಕ್ಕೂ. ಮೊದಲ್ನೇ ದಿನ ಎಲ್ರೂ ಸೇರ್ತೀವಿ. ಕಾಫಿ ಇರತ್ತೆ, ರೂಬಾರ್ಬ್ ಕೇಕ್ ಇರತ್ತೆ, ಹಾಳೆ ಕಟ್ಟು ಟೇಬಲ್ ಸುತ್ತ ಬರತ್ತೆ. ದಿನಕ್ಕೆ ಎಂಟು ಗಂಟೆ ಪಾಠ ಅಂತ ಮೊದ್ಲೇ ಅಚ್ಚಾಗಿರತ್ತೆ. ಹಿಮ ಬಿದ್ದಾಗ ಒಂದು ಸಹಿಗೋಸ್ಕರ ಅರವತ್ತು ಮೈಲಿ ಗಾಡಿ ಓಡಿಸೋದು ತಪ್ಪತ್ತೆ ಅಂತ ಮುಂಚಿಂದ್ಲೂ ಹಂಗೇ."

"ಈಗ ನೀನು ವಾರಕ್ಕೆ ಮೂರು ದಿನ ಅದೇ ಆಫೀಸಲ್ಲೇ ಬಿದ್ದಿರ್ತೀಯಲ್ಲೇ ಮಹರಾಯ್ತಿ! ಹೋಗ್ಲಿ, ಮೇ ತಿಂಗಳು ಇನ್ನೂ ಬಂದೇ ಇಲ್ಲ. ಬದುಕಿರ್ತೀನೋ ಇಲ್ವೋ ಗೊತ್ತಿಲ್ದೆ ಮೇ ತಿಂಗಳ ಕೆಲ್ಸ ಮುಗಿಸಿಬಿಟ್ಯಾ?"

ಎಲ್ಲರೂ ನಕ್ಕರು. ನಿಜ ಹೇಳುತ್ತೇನೆ, ಆಗ ನಾನೂ ನಕ್ಕೆ. ಡೊರೀನ್‌ಗೆ ಮೊದಲಿಂದಲೂ ಕಾಗದದ ಹುಚ್ಚು ಎಂದುಕೊಂಡೆ. ನಾವು ಮನೆಗೆ ಬೀಗ ಹಾಕದ ಜನ, ಕಾರಿನ ಕೀಲಿಯನ್ನು ಕಾರಿನಲ್ಲೇ ಬಿಟ್ಟು ಅಂಗಡಿಗೆ ಹೋಗುವ ಜನ. ನಮ್ಮಲ್ಲಿ ಒಬ್ಬರನ್ನು ಲೆಕ್ಕ ಕೇಳಿದರೆ ಅವರನ್ನು ಕಳ್ಳ ಎಂದಂತೆ. ಅದಕ್ಕೇ ಯಾರೂ ಕೇಳುವುದಿಲ್ಲ.

ಆದರೆ ಡೊರೀನ್ ನಗಲಿಲ್ಲ. ನನ್ನ ಕಡೆ ತಿರುಗಿದಳು. "ನಗು ನಗು ಲವಾನ್. ಹಾಳೆ ಪ್ರಕಾರ ಆರ್ಲಿಸ್ ಇಡೀ ವರ್ಷ ಮಕ್ಕಳಿಗೆ ಪಾಠ ಹೇಳ್ತಾ ಇದಾಳೆ. ಬ್ರಿಟಾಗೆ ವಾರಕ್ಕೆರಡು ಸಲ ತಪ್ಪದೆ ಪಾಠ ಆಗಿದೆ. ದುಡ್ಡು ಖರ್ಚಾಗಿದೆ. ವಾಷಿಂಗ್ಟನ್‌ನವರು ಓದೋದು ಅದನ್ನೇ."

ನನ್ನ ನಗು ಅಲ್ಲೇ ನಿಂತಿತು. ಅನುದಾನ ಸಾಲುತ್ತಿಲ್ಲ ಎಂದರಲ್ಲ? ಅನುದಾನ ಬಂದಿತ್ತು. ನನ್ನ ಮೊಮ್ಮಗಳ ಹೆಸರಲ್ಲೇ ಬಂದು, ಅವಳ ಹೆಸರಲ್ಲೇ ಖರ್ಚಾಗಿ, ಯಾರದೋ ಫೋನು ಎತ್ತುತ್ತಾ ಕೂತಿತ್ತು!

ಆರ್ಲಿಸ್ ಮುಖ ಕೆಂಪಾಯಿತು. "ಕರ್ಟ್ ಕಳ್ಳ ಅಲ್ಲ. ಒಂದು ಡಾಲರ್ ಮುಟ್ಟಿದೋರಲ್ಲ. ಹಿಮ ಬಿದ್ದಾಗೆಲ್ಲ ನಾನು ಹೇಳ್ದೇನೇ ಬಂದು ಸಲಿಕೆ ಹಿಡಿದು ನಮ್ಮನೆ ದಾರಿ ತೆಗೆದುಕೊಡ್ತಾರೆ."

"ಕಳ್ಳ ಅಂತ ನಾನೂ ಅನ್ಲಿಲ್ಲ," ಎಂದಳು ಡೊರೀನ್. "ಫೋನ್ ಹುಡುಗಿಯ ಸಂಬಳ ಉಳಿಸ್ದ, ಅಷ್ಟೇ. ಯಾರ ಹತ್ರ ಕಿತ್ಕೊಂಡು ಉಳಿಸ್ದ? ಏಳು ವರ್ಷದ ಮಗು ಹತ್ರ."

"ಇದನ್ನೆಲ್ಲ ಕೆದಕಿದ್ರೆ ಆಡಿಟ್‌ನೋರು ಬರ್ತಾರೆ, ದುಡ್ಡು ವಾಪಸ್ ಕಟ್ಟಿ ಅಂತಾರೆ, ಆಫೀಸೇ ಮುಚ್ಚತ್ತೆ. ಆಮೇಲೆ ಬ್ರಿಟಾಗೆ ಆ ಏಳು ಸಲಾನೂ ಇಲ್ಲ. ಅದು ಬೇಕಾ?" ಎಂದಳು ಆರ್ಲಿಸ್.

ಈ ಮಾತು ನನ್ನನ್ನು ಹೆದರಿಸಿತು. ಡೊರೀನ್ ಹೆದರಲಿಲ್ಲ.

"ಅವ್ರೇ ಬಂದು ಕಂಡುಹಿಡಿದ್ರೆ ವಾಪಸ್ ಕಟ್ಲೇಬೇಕು. ಅದಕ್ಕೇ ಅವರು ಬರೋಕೆ ಮುಂಚೆ ನೀವೇ ಸರಿ ಮಾಡ್ಕೊಳ್ಳಿ ಅಂತಿರೋದು. ನಿಜವಾದ ಗಂಟೆ ಬರೀರಿ. ಫೋನಿನ ಗಂಟೆ ಸಂಬಳಾನ ಹನ್ನೊಂದು ಶಾಲೆ ಕೊಡೋ ವಂತಿಗೆ ದುಡ್ಡಿಗೆ ಹಾಕಿ. ಮಕ್ಕಳ ದುಡ್ಡು ಮಕ್ಕಳ ಖಾತೆಗೆ ವಾಪಸ್ ಬರ್ಲಿ. ನಮ್ಮಲ್ಲೂ ಒಂದ್ಸಲ ಹಿಂಗೇ ಆಗಿತ್ತು, ತಿದ್ಕೊಂಡ್ವಿ, ನಮ್ಮ ಬಾಗಿಲು ಯಾರೂ ಹಾಕ್ಸಲಿಲ್ಲ. ಮೊದ್ಲು ನಿನ್ನ ಹಾಳೆಗಳ ನಕಲು ಕೇಳಿ ತಗೋ. ನಿನ್ನ ಸಹಿ ತಾನೇ, ಕೇಳೋಕೇನು?"

"ನೋಡೋಣ," ಎಂದು ಆರ್ಲಿಸ್ ದಾರ ಕತ್ತರಿಸಿ ಎದ್ದು ಹೋದಳು. ನಮ್ಮಲ್ಲಿ ನೋಡೋಣ ಎಂದರೆ ಆಗುವುದಿಲ್ಲ ಎಂದೇ ಅರ್ಥ. ಆ ವಾರವಿಡೀ ನನಗೆ ಅವಳ ಮೇಲೆ ಸಿಟ್ಟು. ಅಂಗಡಿಯಲ್ಲಿ ಸಿಕ್ಕರೂ ಮಾತಾಡಿಸಲಿಲ್ಲ.

ಮುಂದಿನ ಗುರುವಾರ ಅವಳು ಬಂದವಳೇ ಕೋಟು ಕೂಡ ತೆಗೆಯದೆ ಒಂದು ಹಾಳೆಯನ್ನು ಕೌದಿಯ ಮೇಲೆ ಹರಡಿದಳು. ಜನವರಿ ತಿಂಗಳದು. ಬೆರಳು ಒಂದು ಸಾಲಿನ ಮೇಲಿತ್ತು.

"ಓದು ಲವಾನ್."

"ಜನವರಿ ಹದಿನಾರು. ಎಂಟು ಗಂಟೆ. ಮಾತಿನ ಪಾಠ."

ಆ ದಿನ ನಮಗೆಲ್ಲ ಗೊತ್ತಿತ್ತು. ಇದೇ ನೆಲಮಾಳಿಗೆಯಲ್ಲಿ ನೂರ ನಲವತ್ತು ಜನಕ್ಕೆ ಸ್ಯಾಂಡ್‌ವಿಚ್ಚು, ಕಾಫಿ ಮಾಡಿದವಳು ನಾನು. ಮೇಲೆ ಚರ್ಚಿನಲ್ಲಿ ಆರ್ಲಿಸಳ ಅಮ್ಮನ ಶವದ ಪೆಟ್ಟಿಗೆ ಇತ್ತು. ನೆಲ ಕಲ್ಲಿನಂತೆ ಹೆಪ್ಪುಗಟ್ಟಿದ್ದರಿಂದ ಮಣ್ಣು ಮಾಡುವುದನ್ನು ವಸಂತಕ್ಕೆ ಮುಂದೂಡಿದ್ದರು.

"ರಜೆ ಚೀಟಿ ಕೊಟ್ಟಿದ್ದೆ," ಎಂದಳು ಆರ್ಲಿಸ್. "ಅದು ಯಾವ್ದೋ ಫೈಲಿಗೆ ಹೋಯ್ತು. ಇದು ಹಂಗೇ ಕೂತಿದೆ. ಈ ಹಾಳೆಗೆ ಸಹಿ ಹಾಕ್ದಾಗ ಅಮ್ಮ ಬದುಕಿದ್ಲು ಲವಾನ್. ಆವತ್ತಿನ ರೂಬಾರ್ಬ್ ಕೇಕ್ ಅಮ್ಮನೇ ಮಾಡಿ ಕಳ್ಸಿದ್ದು. ಅದನ್ನ ತಿಂತಾ ತಿಂತಾ, ಅಮ್ಮ ಪೆಟ್ಟಿಗೇಲಿ ಮಲಗಿರೋ ದಿನ ನಾನು ಎಂಟು ಗಂಟೆ ಪಾಠ ಮಾಡಿದೀನಿ ಅಂತ ಬರ್ಕೊಟ್ಟಿದೀನಿ."

ನನ್ನ ಸಿಟ್ಟು ಅವಳ ಮೇಲಿಂದ ಇಳಿಯಿತು. ಇಳಿದು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು.

ಶಿಕ್ಷಣ ಕಚೇರಿಯ ಮಂಡಳಿ ಪ್ರತಿ ತಿಂಗಳು ಸಭೆ ಸೇರುತ್ತದೆ. ಯಾರು ಬೇಕಾದರೂ ಹೋಗಿ ಕೂರಬಹುದು. ಯಾರೂ ಹೋಗುವುದಿಲ್ಲ, ಜನರಿಗೆಂದು ಹಾಕಿದ ಕುರ್ಚಿಗಳು ವರ್ಷಾನುಗಟ್ಟಲೆ ಖಾಲಿ. ಆ ತಿಂಗಳ ಸಭೆ ಮುಂದಿನ ಸೋಮವಾರವೇ ಇತ್ತು, ಕೌದಿ ಹೊಲಿಯುವ ಒಂಬತ್ತು ಹೆಂಗಸರು ಹೋಗಿ ಸಾಲಾಗಿ ಕೂತೆವು. ದಾರಿ ತಪ್ಪಿ ಬಂದಿದ್ದೀರಾ ಎನ್ನುವ ಹಾಗೆ ಮಂಡಳಿಯವರು ನೋಡಿದರು.

ಆರ್ಲಿಸ್ ಎದ್ದು ನಿಂತಳು. "ಹನ್ನೆರಡು ಹಾಳೇಲಿ ನನ್ನ ಸಹಿ ಇದೆ. ಆಗಸ್ಟ್ ಒಂದು ನಿಜ. ಆಮೇಲಿನ ಆರು ಸುಳ್ಳು ಹೇಳಿ ಆಗಿದೆ, ಇನ್ನೈದು ಸುಳ್ಳು ಹೇಳೋಕೆ ಸರದೀಲಿ ನಿಂತಿವೆ. ನನ್ನ ಸಹಿ ನಾನು ವಾಪಸ್ ತಗೊಳ್ತೀನಿ. ನಿಜವಾದ ಗಂಟೆ ಬರೆದು ತಂದಿದೀನಿ."

ಕರ್ಟ್ ನಕ್ಕರು. ಆ ನಗು ನನಗೆ ಇವತ್ತಿಗೂ ನೆನಪಿದೆ. "ಆರ್ಲಿಸ್, ಇದು ಬರೀ ಫಾರ್ಮಾಲಿಟಿ. ಇಪ್ಪತ್ತು ವರ್ಷದಿಂದ ಹಿಂಗೇ ನಡ್ಕೊಂಡು ಬಂದಿದೆ. ಯಾರಿಗೇನು ನಷ್ಟ ಆಗಿದೆ ಹೇಳಿ?"

ಸಭೆಯಲ್ಲಿ ನಾನು ಹುಟ್ಟಿದಾಗಿನಿಂದ ಬಾಯಿ ಬಿಟ್ಟವಳಲ್ಲ. ಅವತ್ತು ಎದ್ದೆ.

"ನಾಳೆ ಮಧ್ಯಾಹ್ನ ನಮ್ ಶಾಲೆಗೆ ಬನ್ನಿ ಕರ್ಟ್. ಊಟದ ಸಾಲಲ್ಲಿ ನನ್ನ ಪಕ್ಕ ನಿಂತ್ಕೊಳ್ಳಿ. ಒಂದು ಹುಡುಗಿ ಹಾಲಿಗೆ ಬೆರಳು ತೋರಿಸ್ತಾಳೆ. ನಿಮ್ ಹಾಳೆ ಪ್ರಕಾರ ಅವಳು ಇಷ್ಟ್ ಹೊತ್ತಿಗೆ ನಿಮಗಿಂತ ಚೆನ್ನಾಗಿ ಮಾತಾಡ್ಬೇಕಿತ್ತು!"

ನಗು ನಿಂತಿತು. ಮಂಡಳಿಯ ಅಧ್ಯಕ್ಷೆ ಹಾಳೆಗಳನ್ನು ತನ್ನ ಕಡೆ ಎಳೆದುಕೊಂಡು ಒಂದೊಂದಾಗಿ ಓದತೊಡಗಿದರು. ಜನವರಿಗೆ ಬಂದಾಗ ಕನ್ನಡಕ ತೆಗೆದಿಟ್ಟರು. ಅವರೂ ಆ ದಿನ ಚರ್ಚಿಗೆ ಬಂದಿದ್ದವರೇ. ಕರ್ಟ್ ಕೂಡ ಬಂದಿದ್ದರು, ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದರು.

ಆಮೇಲೆ ನಡೆದದ್ದು ಬೇಗ ಬೇಗ ನಡೆಯಿತು. ಉಳಿದ ಟೀಚರುಗಳ ಹಾಳೆಗಳನ್ನೂ ಹೊರಗೆ ತೆಗೆಸಿದರು. ತಪ್ಪಾಗಿದೆ, ತಿದ್ದುತ್ತಿದ್ದೇವೆ ಎಂದು ರಾಜ್ಯದ ಇಲಾಖೆಗೆ ಕರ್ಟ್ ಕೈಯಿಂದಲೇ ಕಾಗದ ಬರೆಸಿದರು. ಕಚೇರಿಗೆ ಹೊಸ ಕಾರ್ಪೆಟ್ ಹಾಸಲು ಎತ್ತಿಟ್ಟಿದ್ದ ದುಡ್ಡು ಫೋನಿನ ಗಂಟೆಗಳಿಗೆ ಹೋಯಿತು, ಮಕ್ಕಳ ದುಡ್ಡು ಮಕ್ಕಳ ಖಾತೆಗೆ ಬಂತು. ಕಚೇರಿ ಮುಚ್ಚಲಿಲ್ಲ. ಆರು ತಿಂಗಳಿಂದ ಸಿಗದಿದ್ದ ಫೋನ್ ಹುಡುಗಿ ಒಂಬತ್ತು ದಿನದಲ್ಲಿ ಸಿಕ್ಕಳು. ಒಂಬತ್ತೇ ದಿನ! ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಏಪ್ರಿಲಿನಲ್ಲಿ ಕೊನೆಯ ಹಿಮ ಬಿದ್ದಾಗ ಆರ್ಲಿಸಳ ಮನೆ ದಾರಿ ತೆಗೆಯಲು ಕರ್ಟ್ ಬರಲಿಲ್ಲ. ಅವಳೇ ಸಲಿಕೆ ಹಿಡಿದಳು, ಡೊರೀನ್ ಮತ್ತು ನಾನು ಜೊತೆಗೆ ಹೋದೆವು.

ತಪ್ಪಿಹೋದ ಪಾಠಗಳನ್ನು ಸರಿದೂಗಿಸಲು ಆರ್ಲಿಸ್ ಈಗ ವಾರಕ್ಕೆ ನಾಲ್ಕು ಸಲ ಬರುತ್ತಾಳೆ. ಮೇ ತಿಂಗಳಲ್ಲಿ ನೆಲ ಸಡಿಲವಾಯಿತು, ಅವಳ ಅಮ್ಮನನ್ನು ಮಣ್ಣು ಮಾಡಿದೆವು. ತಿಂಗಳ ಕೊನೆಯ ದಿನ ಅವಳು ಹಾಳೆ ತುಂಬಿಸುವಾಗ ನಾನು ಪಕ್ಕದಲ್ಲಿದ್ದೆ. "ಮೇ ಎಂಟು, ಅಮ್ಮನ ಮಣ್ಣು, ಕೆಲಸ ಮಾಡಿಲ್ಲ" ಎಂದು ಸ್ವಂತ ಕೈಯಲ್ಲಿ ಬರೆದಳು. ಎಲ್ಲ ಸಾಲು ತುಂಬಿದ ಮೇಲೆ ಸಹಿ ಹಾಕಿದಳು.

ಆ ವಾರವೇ ಊಟಕ್ಕೆ ಮೀನು, ಬಟಾಣಿ ಹಾಕಿ ಬೇಯಿಸಿದ ಹಾಟ್‌ಡಿಶ್ ಮಾಡಿದ್ದೆ. ಬ್ರಿಟಾ ತಟ್ಟೆ ಹಿಡಿದು ಬಂದಳು. ಅವಳ ಹಿಂದೆ ಇಡೀ ತರಗತಿ ಸಾಲಾಗಿ ನಿಂತಿತ್ತು. ನಾನು ಸೌಟು ತುಂಬಿ ಎತ್ತಿದೆ. ಅವಳು ಬೆರಳು ತೋರಿಸಲಿಲ್ಲ. ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಅಜ್ಜಿ, ನಂಗೆ ಬಟಾಣಿ ಬೇಡ. ಎರಡು ವರ್ಷದಿಂದ ಬೇಡ."

ಹತ್ತೊಂಬತ್ತು ವರ್ಷದ ನನ್ನ ಜಂಬ ಅಲ್ಲೇ ಇಳಿಯಿತು. ಸೌಟು ಕೆಳಗಿಟ್ಟು ಅಡುಗೆಮನೆಯೊಳಗೆ ಹೋಗಿ ಅತ್ತುಬಂದೆ. ಸಾಲು ಕಾದಿತ್ತು, ಕಾಯಲಿ ಬಿಡಿ.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನೀವು ಯಾವ ಊರಿನವರಾದರೂ ಸರಿ, ನಿಮ್ಮ ಮಕ್ಕಳ ಹೆಸರಿನಲ್ಲಿ ಎಲ್ಲಿಂದಲೋ ದುಡ್ಡು ಬರುತ್ತದೆ. ಅದು ಎಷ್ಟು ಬಂತು, ಯಾರ ಕೆಲಸಕ್ಕೆ ಹೋಯಿತು ಎಂದು ಕೇಳಿ. ಸಭೆಯಲ್ಲಿ ಖಾಲಿ ಕುರ್ಚಿ ಇದ್ದರೆ ಹೋಗಿ ಕೂರಿ. ಕೇಳಿದರೆ ಯಾರೂ ಕಳ್ಳರಾಗುವುದಿಲ್ಲ, ಕೇಳದಿದ್ದರೆ ಒಂದು ಮಗು ಎರಡು ವರ್ಷ ಬೇಡದ್ದನ್ನು ನುಂಗುತ್ತಾ ಕೂರುತ್ತದೆ. ಇನ್ನು ನೀವೇ ಅಂಥ ಕಚೇರಿಯಲ್ಲಿ ಕೆಲಸ ಮಾಡುವವರಾದರೆ, ಹಾಳೆಯ ಕಟ್ಟು ನಿಮ್ಮ ಮುಂದೆ ಬಂದಾಗ ಪೆನ್ನಿನ ಮುಚ್ಚಳ ಹಾಕಿಬಿಡಿ. ಕಾಫಿ ಕುಡಿಯಿರಿ, ಕೇಕ್ ತಿನ್ನಿ. ಸಹಿ ಮಾತ್ರ ತಿಂಗಳು ಮುಗಿದ ಮೇಲೆ.