ಹುಟ್ಟುಹಬ್ಬದ ಸೌತೆಕಾಯಿ

ಕಾತ್ರಜದ ಬಸ್ ನಿಲ್ದಾಣದ ಎದುರು ಹೋಟೆಲು ನಡೆಸುವ ಕುಶಲ ಶೆಟ್ಟರಿಗೆ ತಮ್ಮ ಕಾಶಿ ಹಲ್ವಾದ ಮೇಲೆ ದೇವರಷ್ಟೇ ನಂಬಿಕೆ. ಮಗಳು ತನುಶ್ರೀಯ ಹುಟ್ಟುಹಬ್ಬಕ್ಕೆ ಪ್ರತಿ ವರ್ಷ ಇಡೀ ತರಗತಿಗೆ ಅದೇ ಹೋಗುತ್ತಿತ್ತು. ಈ ವರ್ಷ ಅವಳ ಕನ್ನಡ ಶಾಲೆಯಲ್ಲಿ ಹೊಸ ನಿಯಮ ಬಂತು: ಸಿಹಿ ತರುವಂತಿಲ್ಲ, ಹುಟ್ಟುಹಬ್ಬದ ಮಗು ಹಣ್ಣೋ ತರಕಾರಿಯೋ ಹಂಚಿ, ಎಲ್ಲರನ್ನೂ ಅರ್ಧ ಗಂಟೆ ಆಡಿಸಬೇಕು.

ಶೆಟ್ಟರು ನೇರವಾಗಿ ಮುಖ್ಯೋಪಾಧ್ಯಾಯಿನಿ ಸುಮಂಗಲಾ ಅವರ ಮುಂದೆ ಹೋಗಿ ಕುಳಿತರು.

"ಸಿಹಿ ಇಲ್ಲದೆ ಅದೆಂತ ಹುಟ್ಟುಹಬ್ಬ ಮಾರಾಯ್ರೆ?"

"ಈಗ ಸಣ್ಣ ಹುಡುಗರಿಗೂ ಸಕ್ಕರಿ ಕಾಯಿಲೆ ಬರಾಕತ್ತದ್ರಿ. ಬೇಕಾದ್ರ ಮನ್ಯಾಗ ಒಂದು ಚಮಚ ಕೊಡ್ರಿ. ಸಾಲ್ಯಾಗ ಬ್ಯಾಡ."

"ಒಂದು ಚಮಚವಾ? ಅದು ಹಲ್ವಾ, ಕೆಮ್ಮಿನ ಔಷಧಿ ಅಲ್ಲ!"

ಸುಮಂಗಲಾ ನಕ್ಕರು, ನಿಯಮ ಬದಲಾಗಲಿಲ್ಲ.

ಸಿಟ್ಟಿನಲ್ಲಿ ಶೆಟ್ಟರು ಒಂದು ಬುಟ್ಟಿ ಸೌತೆಕಾಯಿ ತಂದು ಹೆಂಡತಿ ಲೀಲಾಕ್ಷಿಯ ಮುಂದೆ ಸುರಿದರು. "ಇದನ್ನೇ ಕೊಡುವ. ಮಕ್ಕಳು ಮುಖ ಸಿಂಡರಿಸಿದಾಗ ಟೀಚರಿಗೆ ಬುದ್ಧಿ ಬರ್ತದೆ." ಲೀಲಾಕ್ಷಿ ಅವನ್ನು ಹೆಚ್ಚಿ, ಉಪ್ಪು, ಖಾರ, ನಿಂಬೆರಸ ಹಚ್ಚಿದಳು.

ಮಕ್ಕಳ ಮುಖ ನೋಡಲೆಂದೇ ಶೆಟ್ಟರು ಶಾಲೆಗೆ ಹೋದರು. ಮಕ್ಕಳು ಖಾರಕ್ಕೆ ಮೂಗು ಸೊರಗುಟ್ಟಿಸುತ್ತಲೇ ಡಬ್ಬಿ ಖಾಲಿ ಮಾಡಿದರು. ಕೊನೆಯ ಹೋಳಿಗಾಗಿ ಇಬ್ಬರು ಜಗಳಕ್ಕೇ ನಿಂತರು.

ಆಮೇಲೆ ಲಗೋರಿ. ಒಂದು ತಂಡಕ್ಕೆ ಆಟಗಾರರೊಬ್ಬರು ಕಡಿಮೆ ಬಿದ್ದರು.

"ಅಪ್ಪ, ನೀವು ಬನ್ನಿ!" ಎಂದಳು ತನುಶ್ರೀ.

ಅವತ್ತು ಅವಳಿಗೆ ಇಲ್ಲವೆನ್ನುವುದು ಹೇಗೆ? ಶೆಟ್ಟರು ಪ್ಯಾಂಟು ಮಡಚಿ ಅಂಗಳಕ್ಕಿಳಿದರು. ಕಲ್ಲಿನ ರಾಶಿ ಉರುಳಿದ್ದೇ ತಡ, ಚೆಂಡಿನೇಟಿಗೆ ಹೆದರಿ ಬೇವಿನ ಮರದ ಹಿಂದೆ ಅಡಗಿದರು. ಶೆಟ್ಟರು ಅಡಗಿದರು, ಹೊಟ್ಟೆ ಅಡಗಲಿಲ್ಲ. ಅಮರನೆಂಬ ಹುಡುಗ ಅದಕ್ಕೇ ಗುರಿಯಿಟ್ಟು ಹೊಡೆದ.

"ಅರ್ಧ ಗಂಟೆ ಆಯ್ತಾ ಟೀಚರ್?" ಎಂದು ಏದುಸಿರಿನಲ್ಲಿ ಕೇಳಿದರು.

"ಇನ್ನೂ ಐದೇ ನಿಮಿಷ ಆಗ್ಯದ್ರಿ," ಎಂದರು ಸುಮಂಗಲಾ.

ಅವಮಾನಕ್ಕೆ ಶೆಟ್ಟರು ಮತ್ತೆ ಆಡಿದರು. ಮೂರನೆಯ ಸುತ್ತಿನಲ್ಲಿ ಕೊನೆಯ ಕಲ್ಲನ್ನು ತಾವೇ ಇಟ್ಟು "ಲಗೋರಿ!" ಎಂದು ಕೂಗಿದ ಅಬ್ಬರಕ್ಕೆ ಮೇಲಿನ ತರಗತಿಗಳ ಕಿಟಕಿಗಳೆಲ್ಲ ತೆರೆದವು. ತನುಶ್ರೀ ಎಲ್ಲರಿಗೂ "ನಮ್ಮಪ್ಪ, ನಮ್ಮಪ್ಪ" ಎಂದು ತೋರಿಸುತ್ತಿದ್ದಳು.

ಸಂಜೆ ಶೆಟ್ಟರಿಗೆ ಕೂತರೆ ಏಳಲಾಗಲಿಲ್ಲ. ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಲೀಲಾಕ್ಷಿ ಕೇಳಿದಳು, "ನಾಳೆ ಹೋಟೆಲಿಗೆ ಹೋಗ್ತೀರಾ?"

"ಹೋಟೆಲ್ ಇರಲಿ ಮಾರಾಯ್ತಿ. ಮುಂದಿನ ವಾರ ಆ ಅಮರನ ಹುಟ್ಟುಹಬ್ಬ ಉಂಟು. ಪೋಕರಿಗೆ ತಿರುಗಿ ಒಂದು ಹೊಡೀಲೇಬೇಕು."