ಬೆನ್ ಲೂರಾ ಹತ್ತಿದ ಊರುಗೋಲು

ನಾನು ಒಂದು ಊರುಗೋಲು. ನನ್ನ ಮೈ ಹೇಜಲ್ ಎಂಬ ಮರದ್ದು, ಹಿಡಿಕೆ ಟಗರಿನ ಕೊಂಬಿನದು. ಸ್ಕಾಟ್ಲೆಂಡಿನ ಉತ್ತರದಲ್ಲಿ, ರಸ್ತೆ ಮುಗಿದು ಬರೀ ಗುಡ್ಡಗಳು ಉಳಿಯುವ ಕಡೆ, ಬೆನ್ ಲೂರಾ ಎಂಬ ಬೆಟ್ಟವಿದೆ. ಅದರ ಬುಡದ ತೊರೆಯ ದಂಡೆಯಲ್ಲಿ ನಾನು ಹುಟ್ಟಿ ಬೆಳೆದೆ. ಒಂದು ಜನವರಿಯ ಬೆಳಿಗ್ಗೆ ಫಿನ್ಲೇ ಎಂಬ ಕುರಿಗಾರ ಬಂದು ನನ್ನನ್ನು ನಾಲ್ಕೂ ಕಡೆಯಿಂದ ನೋಡಿದ. "ಇದು ಆಗಬಹುದು" ಎಂದು ಒಂದೇ ಏಟಿಗೆ ಕಡಿದ.

ಒಂದು ವರ್ಷ ಅವನು ನನ್ನನ್ನು ಅಟ್ಟದ ತೊಲೆಗೆ ತೂಗುಹಾಕಿ ಒಣಗಿಸಿದ. ಕೆಳಗಿನ ತುದಿಗೆ ಕಲ್ಲು ಕಟ್ಟಿದ್ದರಿಂದ ನನ್ನ ಡೊಂಕೆಲ್ಲ ಹೋಯಿತು. ಆಮೇಲೆ ವಯಸ್ಸಾಗಿ ಸತ್ತ ಟಗರೊಂದರ ಕೊಂಬನ್ನು ಕುದಿಸಿ, ಮೆತ್ತಗೆ ಮಾಡಿ, ಕೊಕ್ಕೆಯಂತೆ ಬಗ್ಗಿಸಿ ನನ್ನ ತಲೆಗೆ ಕೂರಿಸಿದ. ಚಳಿಗಾಲ ಮುಗಿಯುವ ಹೊತ್ತಿಗೆ ನಾನು ಕೋಲಾಗಿದ್ದೆ.

ಹತ್ತೊಂಬತ್ತು ವರ್ಷ ನಾವಿಬ್ಬರೂ ಬೆನ್ ಲೂರಾದ ಮೇಲೇ ಇದ್ದೆವು. ಮಂಜಿನಲ್ಲಿ ದಾರಿ ತಡವಿದ್ದು ನಾನು. ಜೌಗು ನೆಲದ ಆಳ ನೋಡಿದ್ದು ನಾನು. ಕೆಸರಿನಲ್ಲಿ ಹೂತ ಮರಿಗಳ ಕತ್ತಿಗೆ ಕೊಕ್ಕೆ ಹಾಕಿ ಎಳೆದದ್ದೂ ನಾನೇ. ಫಿನ್ಲೇಯ ಅಂಗೈ ಉಜ್ಜಿ ಉಜ್ಜಿ ನನ್ನ ಹಿಡಿಕೆ ಜೇನಿನ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಅವನ ಎರಡೂ ಮಂಡಿ ಸವೆದವು. ಕುರಿಗಳನ್ನು ಮಾರಿ, ಕೆಳಗಿನ ಹಳ್ಳಿಯಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ ತಂಗಿ ಎಫಿಯ ಮನೆ ಸೇರಿದ. ನನ್ನನ್ನು ಬಾಗಿಲ ಪಕ್ಕದಲ್ಲಿ, ಕೊಡೆಗಳ ಜೊತೆ ನಿಲ್ಲಿಸಿದರು. ಕೊಡೆಗಳು ದಿನವೂ ಹೊರಗೆ ಹೋಗಿ ಮಳೆ ಕುಡಿದು ಬರುತ್ತಿದ್ದವು. ಆರು ವರ್ಷ ನಾನು ಒಣಗಿಯೇ ನಿಂತಿದ್ದೆ.

ಆಗ ಆಗಸ್ಟ್ ತಿಂಗಳ ಒಂದು ಮಂಗಳವಾರ ಮುಂಜಾನೆ ಬಾಗಿಲು ತೆರೆದುಕೊಂಡು ನೀಲಾಂಬಿಕಾ ಹೂಗಾರ ಒಳಗೆ ಬಂದರು.

ಅವರು ಗದಗಿನವರು. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿ ನಿವೃತ್ತರಾದ ಅಕ್ಕೋರು. ಅಲ್ಲಿಗೆ ಎರಡು ತಾಸು ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದ ತಂಗಿಯ ಮಗಳು ರೋಹಿಣಿಯ ಮನೆಗೆ ಒಂದು ತಿಂಗಳ ಮಟ್ಟಿಗೆ ಬಂದಿದ್ದರು. ಇಳಕಲ್ ಸೀರೆ, ಅದರ ಮೇಲೆ ದಪ್ಪ ಸ್ವೆಟರ್, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಕೂತವರೇ ಕಿಟಕಿಯಿಂದ ಬೆಟ್ಟ ತೋರಿಸಿ ಫಿನ್ಲೇಯನ್ನು ಇಂಗ್ಲಿಷಿನಲ್ಲಿ ಕೇಳಿದರು: "ಅದರ ಮೇಲೆ ಕೊರಿ ಇದೆಯಂತೆ, ನಿಜವೇ?"

ಸಾವಿರಾರು ವರ್ಷ ಹಿಮಗಡ್ಡೆ ಕೂತು ಬೆಟ್ಟದ ಎದೆಯನ್ನು ಬೋಗುಣಿಯಂತೆ ಕೊರೆದು ಹೋದ ಜಾಗಕ್ಕೆ ಅಲ್ಲಿನವರು ಕೊರಿ ಎನ್ನುತ್ತಾರೆ. ಹಿಮ ಕರಗಿದ ಮೇಲೆ ಅದರ ತಳದಲ್ಲಿ ಒಂದು ಕೆರೆ ಉಳಿಯುತ್ತದೆ.

"ಇದೆ" ಎಂದ ಫಿನ್ಲೇ. "ನನ್ನ ಒಳ್ಳೆಯ ಕಾಲದಲ್ಲಿ ಎರಡು ತಾಸಿನ ದಾರಿ. ನಿಮಗೆ ನಾಲ್ಕು."

ನೀಲಾಂಬಿಕಾ ಜೊತೆಗೆ ಬಂದಿದ್ದ ರೋಹಿಣಿಯತ್ತ ತಿರುಗಿ ಹೇಳಿದರು: "ಕೊರದದ್ದಕ್ಕ ಕೊರಿ! ನಮ್ಮ ಕನ್ನಡದ್ದ ಇದ್ದಂಗ ಐತಿ ನೋಡ."

"ದೊಡ್ಡವ್ವ, ಸೀರಿ ಉಟ್ಕೊಂಡು ಯಾರರ ಗುಡ್ಡ ಹತ್ತತಾರೇನು?" ಎಂದಳು ರೋಹಿಣಿ.

ಮಾತು ತಿಳಿಯದಿದ್ದರೂ ಅವಳ ಕಣ್ಣು ಸೀರೆಯ ಮೇಲಿದ್ದದ್ದು ಫಿನ್ಲೇಗೆ ಕಂಡಿತು. "ಬಟ್ಟೆಯ ಚಿಂತೆ ಬೇಡ. ನನ್ನಜ್ಜನ ಅಜ್ಜ ಏಳು ಗಜ ಬಟ್ಟೆ ಸುತ್ತಿಕೊಂಡೇ ಈ ಬೆಟ್ಟ ಹತ್ತುತ್ತಿದ್ದ. ಶೂ ಮಾತ್ರ ಬದಲಿಸಿ" ಎಂದ. ನಂತರ ಎದ್ದು ಬಂದು ನನ್ನನ್ನು ಕೊಡೆಗಳ ನಡುವಿನಿಂದ ಎತ್ತಿ ಅವರ ಕೈಗಿಟ್ಟ. "ಇದನ್ನು ಒಯ್ಯಿರಿ. ಇದಕ್ಕೆ ದಾರಿ ಗೊತ್ತು."

ಆರು ವರ್ಷದ ನಂತರ ನನ್ನ ತುದಿ ಒದ್ದೆ ಮಣ್ಣನ್ನು ಮುಟ್ಟಿತು. ನನಗಾದ ಸಂತೋಷವನ್ನು ಹೇಗೆ ಹೇಳಲಿ!

ಆದರೆ ಆ ಮಂಗಳವಾರ ನಾವು ಕೊರಿ ಮುಟ್ಟಲಿಲ್ಲ. ನೀಲಾಂಬಿಕಾ ಎಫಿಯ ಹಳೆಯ ಬೂಟು ಹಾಕಿ, ಕಚ್ಚೆ ಬಿಗಿದು, ರೋಹಿಣಿಯ ಜೊತೆ ಮೂರು ತಾಸು ಒಂದೇ ಸಮನೆ ಹತ್ತಿದರು. ಕಣ್ಣಿಗೂ ಕಾಣದಷ್ಟು ಸಣ್ಣ ನುಸಿಗಳು ಮುಖ ಮುತ್ತಿದರೂ ನಿಲ್ಲಲಿಲ್ಲ. ಜೌಗಿನಲ್ಲಿ ನಾನು ಅರ್ಧ ಮೈ ಮುಳುಗಿದಾಗ "ಅಬ್ಬಾ!" ಎಂದು ಸುತ್ತಿ ಬಂದರು. ಆಮೇಲೆ ಮೇಲಿನಿಂದ ಮಂಜು ಇಳಿಯಿತು. ಒಂದು ಮಾರು ಆಚೆ ಏನೂ ಕಾಣದಾಯಿತು.

"ದೊಡ್ಡವ್ವ, ಸಾಕು ನಡಿ. ಬಿದ್ದಿ ಅಂದ್ರ ಎತ್ತಾಕೂ ಯಾರಿಲ್ಲ ಇಲ್ಲಿ."

ನೀಲಾಂಬಿಕಾ ಬಂಡೆಯೊಂದರ ಮೇಲೆ ದೊಪ್ಪನೆ ಕೂತರು. ನನ್ನ ಹಿಡಿಕೆಯ ಮೇಲೆ ಗಲ್ಲವಿಟ್ಟರು. ಆಮೇಲೆ ಬಾಯಿ ಬಿಟ್ಟರು.

"ರೋಹಿಣಿ, ನಾ ಒಂದು ಸುಳ್ಳು ಹೇಳೀನಿ. ಇಪ್ಪತ್ತೆರಡು ವರ್ಷ ಆತು. ಒಂಬತ್ತನೇ ಕ್ಲಾಸಿನ್ಯಾಗ ಹುಲಿಗೆವ್ವ ಅಂತ ಒಂದು ಹುಡುಗಿ ಇದ್ಲು. ನಾ ಬೋರ್ಡಿನ ಮ್ಯಾಲ ಇದ ಕೊರಿ ಚಿತ್ರ ತಗದಿದ್ದೆ. ಆಕಿ ಎದ್ದು ನಿಂತು, 'ಅಕ್ಕೋರ, ನೀವು ಕಣ್ಣಾರೆ ನೋಡೀರೇನ್ರಿ?' ಅಂದ್ಲು. ನಾ 'ಹ್ಞೂಂ, ನೋಡೀನಿ' ಅಂದ್ಬಿಟ್ಟೆ. ಅಷ್ಟಕ್ಕ ಬಿಡಲಿಲ್ಲ ಆಕಿ. 'ಕೆರಿ ನೀರು ಯಾ ಬಣ್ಣ ಇತ್ರಿ?' ಅಂದ್ಲು. ನೀಲಿ ಅಂದೆ. ಪಾಪ, ನೋಟ್‌ಬುಕ್ಕಿನ್ಯಾಗ ನೀಲಿ ಪೆನ್ಸಿಲ್ ತಗೊಂಡು ತುಂಬಿದ್ಲು."

ರೋಹಿಣಿ ಮೊದಲು ನಕ್ಕಳು. ದೊಡ್ಡವ್ವನ ಮುಖ ನೋಡಿ ನಗು ನಿಲ್ಲಿಸಿದಳು. ಬಂಡೆಯ ಮೇಲೆ ಪಕ್ಕದಲ್ಲೇ ಕೂತಳು. "ಶುಕ್ರವಾರ ಡ್ಯೂಟಿ ಬದಲಿ ಮಾಡ್ಕೋತೀನಿ. ಇನ್ನೊಮ್ಮೆ ಬರೂಣು. ಈಗ ಇಳಿ" ಎಂದಳು.

ಭಾನುವಾರ ಅವರ ವಿಮಾನ. ಉಳಿದಿದ್ದು ಆ ಒಂದೇ ಶುಕ್ರವಾರ.

ಗುರುವಾರವಿಡೀ ಮಳೆ ಸುರಿಯಿತು. ಶುಕ್ರವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಅಂಗಡಿಯ ಬಾಗಿಲಲ್ಲಿ ಫಿನ್ಲೇ ಬೂಟಿನ ಲಾಡಿ ಕಟ್ಟಿಕೊಳ್ಳುತ್ತಿದ್ದ. "ಆ ಮಂಡಿ ಇಟ್ಟುಕೊಂಡು ಎಲ್ಲಿಗೆ?" ಎಂದು ಎಫಿ ಒಳಗಿನಿಂದ ಗದರಿದಳು. "ಕುರಿದಾರಿ ಇವರಿಗೆ ಗೊತ್ತಿಲ್ಲ. ಮಂಡಿ ನನ್ನದು, ನಿನ್ನದಲ್ಲ" ಎಂದು ಅವನು ಹೊರಟೇಬಿಟ್ಟ.

ಎಂಥ ದಿನ ಅದು! ಇಳಿಜಾರಿನ ತುಂಬ ಹೆದರ್ ಗಿಡಗಳು ನೇರಳೆ ಬಣ್ಣದ ಹೂ ಬಿಟ್ಟಿದ್ದವು. ನೂರು ಕಡೆಯಿಂದ ನೀರು ಸದ್ದು ಮಾಡುತ್ತ ಇಳಿಯುತ್ತಿತ್ತು. ಮೇಲೇರಿದಷ್ಟೂ ಹಿಂದೆ ಸಮುದ್ರ ಅಗಲವಾಗುತ್ತ ಹೋಯಿತು, ಒಂದೊಂದಾಗಿ ದ್ವೀಪಗಳು ಎದ್ದವು. ನೀಲಾಂಬಿಕಾ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. "ನನ್ನಿಂದ ನಿಮಗೆ ತಡವಾಗುತ್ತಿದೆ" ಎಂದರು.

"ನಾನು ಮಂಡಿಗಾಗಿ ನಿಲ್ಲುತ್ತಿದ್ದೇನೆ, ನೀವು ಉಸಿರಿಗಾಗಿ" ಎಂದ ಫಿನ್ಲೇ. "ನೋಡುವುದಕ್ಕಾಗಿ ನಿಂತೆವು ಅಂತ ಇಬ್ಬರೂ ಹೇಳೋಣ."

ತೊರೆ ದಾಟುವ ಜಾಗಕ್ಕೆ ಬಂದೆವು. ಹಿಂದಿನ ದಿನದ ಮಳೆಗೆ ನೀರು ಉಕ್ಕಿತ್ತು. ಫಿನ್ಲೇ ಮತ್ತು ರೋಹಿಣಿ ದಾಟಿದ್ದರು. ನೀಲಾಂಬಿಕಾ ನಡುವಿನ ಕಲ್ಲಿನ ಮೇಲೆ ಕಾಲಿಟ್ಟರು. ಪಾಚಿ ಜಾರಿತು. ಒಂದು ಕಾಲು ಮೊಣಕಾಲಿನವರೆಗೆ ನೀರಿಗಿಳಿದು ಮೈ ವಾಲಿತು. ಕೈಯಲ್ಲಿದ್ದ ನನ್ನನ್ನು ಮುಂದಕ್ಕೆ ಚಾಚಿದರು. ಫಿನ್ಲೇ ಬಾಗಿ ನನ್ನ ಕೆಳತುದಿಯನ್ನು ಹಿಡಿದ. ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಅವರು. ನಡುವೆ ನಾನು ಬಿಲ್ಲಿನಂತೆ ಬಗ್ಗಿದೆ. ಮುರಿಯಬಾರದು, ಮುರಿಯಬಾರದು ಎಂದುಕೊಂಡೆ. ಮುರಿಯಲಿಲ್ಲ. ಅವರು ದಡದ ಹುಲ್ಲಿನ ಮೇಲೆ ಬಂದು ಬಿದ್ದರು. ಸೀರೆಯ ಅಂಚಿನಿಂದ ನೀರು ಹಿಂಡುತ್ತ, "ಭೂಗೋಳ ಅಂದ್ರ ಇಷ್ಟು ತಣ್ಣಗ ಇರತೈತಿ ಅಂತ ಯಾ ಪುಸ್ತಕದಾಗೂ ಬರದಿಲ್ಲವಾ!" ಎಂದು ನಕ್ಕರು.

ಕೊನೆಯ ಏರು ಮುಗಿಯಿತು. ಬಂಡೆಗಳ ಅಂಚು ದಾಟಿ ಒಳಗೆ ನೋಡಿದರೆ, ಅಲ್ಲಿತ್ತು ಕೊರಿ. ಮೂರು ಕಡೆ ನೆಟ್ಟಗೆ ನಿಂತ ಕಲ್ಲಿನ ಗೋಡೆ, ಅದರಿಂದ ಇಳಿಯುವ ಬಿಳಿ ನೀರಿನ ಎಳೆಗಳು, ತಳದಲ್ಲಿ ಅಲುಗಾಡದ ಕೆರೆ. ನೀಲಾಂಬಿಕಾ ನನ್ನನ್ನು ಎತ್ತಿ ಗಾಳಿಯಲ್ಲೇ ಗೋಡೆಯ ಆಕಾರವನ್ನು ಬರೆದರು. ಬೋರ್ಡಿನ ಮೇಲೆ ಮೂವತ್ತೊಂದು ವರ್ಷ ಬರೆದ ಗೆರೆಯೇ ಅದು, ಒಂದಿಷ್ಟೂ ತಪ್ಪಿರಲಿಲ್ಲ. ಆಮೇಲೆ ದಂಡೆಗಿಳಿದು ಬೊಗಸೆಯಲ್ಲಿ ನೀರೆತ್ತಿದರು. ತಿರುಗಿ ಕೆರೆಯತ್ತ ನೋಡಿದರು.

"ಅಯ್ಯೋ ರೋಹಿಣಿ! ಕರ್ರಗೈತಲ್ಲೇ ನೀರು! ಕರೀ ಚಾ ಇದ್ದಂಗೈತಿ!"

ಅವರು ಎಷ್ಟು ನಕ್ಕರೆಂದರೆ ಆ ನಗು ಕಲ್ಲಿನ ಗೋಡೆಗಳಿಗೆ ಬಡಿದು ವಾಪಸು ಬಂತು. ಕಣ್ಣಲ್ಲಿ ನೀರೂ ಬಂತು. ದಂಡೆಯಲ್ಲೇ ಕೂತು ಮೂವರೂ ಖಡಕ್ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿಂದರು. ಫಿನ್ಲೇ ಮೂಗು ಒರೆಸಿಕೊಳ್ಳುತ್ತ ಎರಡನೆಯ ರೊಟ್ಟಿಗೆ ಕೈ ಚಾಚಿದ. ಅಲ್ಲಿಗೆ ಮತ್ತೆ ಬರುತ್ತೇನೆಂದು ಅವನೂ ಅಂದುಕೊಂಡಿರಲಿಲ್ಲ.

ಇಳಿಯುವಾಗ ನೀಲಾಂಬಿಕಾ ನನ್ನನ್ನು ಅವನ ಕೈಗೆ ಕೊಟ್ಟರು. "ಹತ್ತುವಾಗ ಉಸಿರಿಗೆ ಕೋಲು ಬೇಕು, ಇಳಿಯುವಾಗ ಮಂಡಿಗೆ" ಎಂದರು. ಅಂಗಡಿ ಮುಟ್ಟಿದ ಮೇಲೆ ಅವನು ನನ್ನನ್ನು ಮರಳಿ ಅವರಿಗೇ ಕೊಟ್ಟ. "ತೊರೆಯ ದಂಡೆಯಲ್ಲಿ ಹೇಜಲ್ ಇನ್ನೂ ಬೆಳೆಯುತ್ತಿದೆ. ನಾನು ಇನ್ನೊಂದು ಮಾಡಿಕೊಳ್ಳುತ್ತೇನೆ" ಎಂದ. ಕೊಟ್ಟ ಮೇಲೂ ಒಂದು ಗಳಿಗೆ ಅವನ ಬೆರಳು ನನ್ನ ಹಿಡಿಕೆಯ ಮೇಲಿತ್ತು.

ಹಾಗೆ ನಾನು ಟವೆಲ್ ಸುತ್ತಿಕೊಂಡು ಗದಗಿಗೆ ಬಂದೆ. ಮೊದಲ ಬೇಸಿಗೆಯಲ್ಲಿ ಮೈ ಬಿರುಕು ಬಿಡತೊಡಗಿದಾಗ ನೀಲಾಂಬಿಕಾ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರು. ನಮ್ಮ ಮೊದಲ ಪ್ರಯಾಣ ಹುಲಿಗೆವ್ವನ ಮನೆಗೆ. ಅವಳು ಈಗ ಬಸ್ ಕಂಡಕ್ಟರ್. ಅಕ್ಕೋರು ತಡವರಿಸುತ್ತ ಎಲ್ಲವನ್ನೂ ಹೇಳಿದರು. ಹುಲಿಗೆವ್ವ ಚಹಾದ ಬಸಿ ಕೆಳಗಿಟ್ಟಳು.

"ನನಗ ಅವತ್ತ ಗೊತ್ತಾಗಿತ್ರೀ ಅಕ್ಕೋರ. ನೋಡಿದವ್ರು ಅಷ್ಟು ಲಗೂನ ನೀಲಿ ಅನ್ನೂದಿಲ್ಲ."

"ಮತ್ತ ಯಾಕ ಸುಮ್ನಿದ್ದಿ?"

"ನೀವು ಎಷ್ಟು ಚಂದ ಹೇಳಿದ್ರಿ ಅಂದ್ರ, ನಂಗೂ ಗುಡ್ಡ ನೋಡಬೇಕು ಅನಿಸಿತ್ರಿ. ಸುಮ್ನಾದೆ."

ಮುಂದಿನ ರಜೆಯ ದಿನವೇ ಇಬ್ಬರೂ ಕಪ್ಪತಗುಡ್ಡಕ್ಕೆ ಹೊರಟರು. ಹುಲಿಗೆವ್ವನ ಜೊತೆ ಕೆಲಸ ಮಾಡುವ ಹೆಂಗಸರು ಸೇರಿಕೊಂಡರು, ಅವರ ಅಕ್ಕತಂಗಿಯರು ಸೇರಿಕೊಂಡರು. ಇಲ್ಲಿ ಜೌಗಿಲ್ಲ, ಮಂಜು ಅಪರೂಪ. ಕೆಂಪು ಮಣ್ಣು, ಬಾದೆ ಹುಲ್ಲು, ಮೇಲೆ ಹೋದರೆ ಟೋಪಿ ಹಾರಿಸುವ ಗಾಳಿ. ಒಮ್ಮೆ ಕಂಬಳಿ ಹೊದ್ದ ಕುರಿಗಾರನೊಬ್ಬ ನನ್ನ ಹಿಡಿಕೆ ಸವರಿ, "ಇದು ಯಾ ಸೀಮಿ ಟಗರ್ರೀ ಅಕ್ಕೋರ?" ಎಂದು ಬೆರಗಾದ. ನನಗೆ ಹೆಮ್ಮೆಯಾಯಿತು.

ಹನ್ನೊಂದು ವರ್ಷ ಹೀಗೆ ನಡೆದೆವು. ಈಗ ನಮ್ಮದು ನಿಧಾನದ ಕಾಲ. ಅಕ್ಕೋರಿಗೆ ಎಪ್ಪತ್ತೈದು. ಗುಡ್ಡದ ಬುಡದ ಬೇವಿನ ಕೆಳಗೆ ನಾವಿಬ್ಬರೂ ಕೂಡುತ್ತೇವೆ, ಉಳಿದವರು ಹತ್ತಿ ಬಂದು ಮೇಲೆ ಏನೇನು ಕಂಡೆವೆಂದು ಹೇಳುತ್ತಾರೆ. ಕಲ್ಲು ಕುಟ್ಟಿ ಕುಟ್ಟಿ ನನ್ನ ತುದಿ ನಾಲ್ಕು ಬೆರಳಿನಷ್ಟು ಸವೆದಿದೆ. ಗಿಡ್ಡವಾದ ಕೋಲನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂದು ನಾನು ಒಮ್ಮೆ ಹೆದರಿದ್ದೆ. ಆದರೆ ನಾನು ಸವೆದಷ್ಟೇ ಅವರ ಬೆನ್ನೂ ಬಾಗಿದೆ. ಬೆಳಿಗ್ಗೆ ಕೈ ಚಾಚಿದರೆ ನನ್ನ ಹಿಡಿಕೆ ಸರಿಯಾಗಿ ಅವರ ಅಂಗೈಗೇ ಬರುತ್ತದೆ.