ಕೆಂಪು ತುದಿಯ ತಂತಿ

ಬೆಟ್ಟದಿಂದ ಹಂದಿ ಇಳಿದು ಗೆಣಸಿನ ಮಡಿ ಅಗೆದು ಹೋದಾಗಲೆಲ್ಲ ಊರಿನವರು ಸೈಕಲ್ ಅಂಗಡಿಗೆ ಬರುತ್ತಿದ್ದರು. ರಿಪೇರಿಯವನು ಹಳೆಯ ಬ್ರೇಕ್ ತಂತಿಗಳನ್ನು ಸುಮ್ಮನೆ ಕೊಡುತ್ತಿದ್ದ. ಎಳೆ ಬಿಚ್ಚದಿರಲಿ ಎಂದು ತುದಿಗೆ ಹೆಂಡತಿಯ ಕೆಂಪು ಉಗುರುಬಣ್ಣ ಹಚ್ಚಿಯೇ ಕೊಡುತ್ತಿದ್ದ. ಆ ತಂತಿ ಕಾಡಿನಲ್ಲಿ ಉರುಳಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಹಂದಿಗೆ ತಾನೇ, ಎಂದುಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಬೆಟ್ಟದ ಮಂಜು ಅಂಗಡಿಯೊಳಗೇ ಬಂದು, ತೂಗುಹಾಕಿದ ಚಕ್ರಗಳ ನಡುವೆ ನಿಂತಿತ್ತು. ಅದರ ಹಿಂದೆಯೇ ರಿಪೇರಿಯವನ ನಾದಿನಿ ಬಂದಳು. ಬೆಟ್ಟದ ರಾಷ್ಟ್ರೀಯ ಉದ್ಯಾನದಲ್ಲಿ ಅವಳು ಕಾವಲುಗಾರ್ತಿ.

"ಏನಮ್ಮ, ಕಾಡೆಲ್ಲ ಕಾದು ಮುಗೀತಾ?" ಎಂದ.

ಅವಳು ನಗಲಿಲ್ಲ. ಜೇಬಿನಿಂದ ಒಂದು ತಂತಿ ತೆಗೆದು ಮುಂದಿಟ್ಟಳು. ತುದಿ ಕೆಂಪಗಿತ್ತು.

ಮೋಡಚಿರತೆಯ ಕಾಲಿನಿಂದ ಬಿಡಿಸಿದ್ದು ಎಂದಳು. ಮೈತುಂಬ ಮೋಡದಂಥ ಮಚ್ಚೆ, ಮರದಿಂದ ತಲೆಕೆಳಗಾಗಿ ಇಳಿಯುವ ಪ್ರಾಣಿ. ಇಡೀ ಬೆಟ್ಟದಲ್ಲಿ ಹನ್ನೊಂದೇ ಉಳಿದಿವೆ. ಇದು ತಾಯಿ. ಡಾಕ್ಟರು ಹೊಲಿಗೆ ಹಾಕಿದ್ದಾರೆ, ನಾಳೆ ಬಿಡಬೇಕು. ಮರಿ ಎರಡು ದಿನದಿಂದ ಆ ಉರುಳಿನ ಪಕ್ಕದ ಮರದ ಮೇಲೆ ಕಾಯುತ್ತಿದೆ. ಆದರೆ ಸುತ್ತ ಇನ್ನೆಷ್ಟು ಉರುಳುಗಳಿವೆಯೋ ಯಾರಿಗೂ ತಿಳಿಯದು.

"ನಾನು ಕೊಟ್ಟಿದ್ದು ಹಂದಿಗೆ."

"ಉರುಳಿಗೆ ಕಣ್ಣಿದ್ಯಾ, ಭಾವ?"

ಅವನು ಒಂದು ಚಕ್ರ ತಿರುಗಿಸಿದ. ಗೆಣಸು ಕಳೆದುಕೊಂಡವರು ಏನು ತಿನ್ನಬೇಕು ಎಂದು ಗೊಣಗಿದ. ಕಾವಲು ಚೌಕಿಗೆ ಹೇಳಿದರೆ ಉದ್ಯಾನದವರೇ ಬೇಲಿ ಹಾಕಿಕೊಡುತ್ತಾರೆ, ಬಂದು ಕೇಳುವವರೇ ಇಲ್ಲ ಎಂದಳು ಅವಳು. ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಬಂದಳು. ತಂತಿಯ ತುದಿ ನೋಡಿದಳು, ತನ್ನ ಉಗುರುಗಳನ್ನು ನೋಡಿಕೊಂಡಳು.

"ಯಾರ್ಯಾರಿಗೆ ಕೊಟ್ರಿ ಅಂತ ನಿಮಗೆ ಗೊತ್ತಲ್ವಾ? ನಡೀರಿ."

ಅಂಗಡಿ ಮುಚ್ಚಿತು. ಆರು ಮನೆಯವರನ್ನು ಕರೆದುಕೊಂಡು ಮೂವರೂ ಬೆಟ್ಟ ಹತ್ತಿದರು. ಕಟ್ಟಿದವರಿಗೇ ಕಟ್ಟಿದ ಜಾಗ ಮರೆತಿತ್ತು. ಮಂಜಿನಲ್ಲಿ ಕೆಂಪು ತುದಿಗಳು ಮಾತ್ರ ಅಲ್ಲೊಂದು ಇಲ್ಲೊಂದು ಕಾಡುಹಣ್ಣಿನಂತೆ ಕಂಡವು. ಸಂಜೆಯ ಹೊತ್ತಿಗೆ ಹತ್ತೊಂಬತ್ತು ಉರುಳು ಬಿಚ್ಚಿದ್ದರು.

ಮರುದಿನ ಬೆಳಿಗ್ಗೆ ಬೋನಿನ ಬಾಗಿಲು ತೆರೆಯಿತು. ಎಲ್ಲರೂ ದೂರ ನಿಂತಿದ್ದರು. ತಾಯಿ ಕುಂಟುತ್ತ ಮಂಜಿನೊಳಗೆ ಹೋಯಿತು. ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಎತ್ತರದ ಕೊಂಬೆಯಲ್ಲಿ ಮೋಡದ ತುಂಡೊಂದು ಅಲುಗಿತು. ಅದರ ಪಕ್ಕದಲ್ಲಿ ಇನ್ನೊಂದು, ಚಿಕ್ಕದು.

ಆ ಅಂಗಡಿಯಲ್ಲಿ ಈಗ ಹಳೆಯ ತಂತಿಯೆಲ್ಲ ಬೆರಳುದ್ದಕ್ಕೆ ತುಂಡಾಗಿ ಗುಜರಿಗೆ ಹೋಗುತ್ತದೆ. ಉಗುರುಬಣ್ಣ ಹೆಂಡತಿಗೇ ಉಳಿದಿದೆ.

ಬೆಟ್ಟದ ಬುಡದಲ್ಲಿ ಇರುವವರೇ, ನೀವೂ ಹಾಗೆಯೇ ಮಾಡಿ. ಹಳೆಯ ತಂತಿಯನ್ನು ಇಡಿಯಾಗಿ ಯಾರಿಗೂ ಕೊಡಬೇಡಿ. ಹಂದಿ ಬಂದರೆ ಚೌಕಿಗೆ ಹೇಳಿ. ಎಂದೋ ಒಂದು ಉರುಳು ಕಟ್ಟಿದ್ದರೆ ಇಂದೇ ಹೋಗಿ ಬಿಚ್ಚಿ. ನೀವು ಮರೆತರೂ ಅದು ಅಲ್ಲೇ ಕಾಯುತ್ತಿರುತ್ತದೆ.